ನರ್ಸಮ್ಮನ ಗುರುವಾರಗಳು

ಮೂವತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಸವೆದು ನಿವೃತ್ತಳಾದ ಮೇಲೂ ನರ್ಸಮ್ಮನಿಗೆ ಕೈಕಟ್ಟಿ ಕೂರುವುದು ಗೊತ್ತಿರಲಿಲ್ಲ. ರೈಲುಹಳಿ ಪಕ್ಕದ ಬಡವರ ಗಲ್ಲಿಯಲ್ಲಿ ಚರ್ಚಿನವರು ಸೇವೆ ಶುರುಮಾಡಿದಾಗ ಎಲ್ಲರಿಗಿಂತ ಮೊದಲು ಹೊರಟವಳು ಅವಳೇ. ಪ್ರತಿ ಗುರುವಾರ ಮಧ್ಯಾಹ್ನ ಮನೆಮನೆಗೆ ಹೋಗಿ ಬಿ.ಪಿ. ನೋಡುವುದು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು ತೊಳೆಯುವುದು, ಕೇಳಿದವರಿಗಷ್ಟೇ ಪ್ರಾರ್ಥನೆ. "ನರ್ಸಮ್ಮ ಬೈದ್ರೆ ಅರ್ಧ ಕಾಯಿಲೆ ಹೆದರಿ ಓಡುತ್ತೆ" ಎಂದು ಗಲ್ಲಿಯವರು ನಗುತ್ತಿದ್ದರು.

ಗಲ್ಲಿಯ ಕೊನೆಯ ಮನೆಯ ಬಾಗಿಲು ತಟ್ಟಿದ ದಿನ, ತೆರೆದವಳು ಅವಳ ಒಡಹುಟ್ಟಿದ ತಂಗಿ.

ಇಪ್ಪತ್ತೆರಡು ವರ್ಷದ ಹಿಂದೆ ತಂಗಿ ಹೇಳದೆ ಕೇಳದೆ ಒಬ್ಬ ಪೇಂಟರನನ್ನು ಮದುವೆಯಾಗಿ ಹೋಗಿದ್ದಳು. ಅವನು ಚರ್ಚಿಗೆ ಬರುವವನಲ್ಲ. ಅದೇ ಕೊರಗಿನಲ್ಲಿ ಅಪ್ಪ ತೀರಿಕೊಂಡಾಗ, ಮುಖ ನೋಡಲು ಬಂದ ತಂಗಿಯನ್ನು ಗೇಟಿನಲ್ಲೇ ತಡೆದು, "ನಮ್ಮ ಪಾಲಿಗೆ ನೀನೂ ಸತ್ತೆ, ಹೋಗು" ಎಂದವಳು ಇದೇ ಅಕ್ಕ. ಆಮೇಲೆ ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದಳು. ಹುಡುಕಿಕೊಂಡು ಮಾತ್ರ ಹೋಗಿರಲಿಲ್ಲ.

ತಂಗಿ ಕಡ್ಡಿಯಾಗಿದ್ದಳು. ಕಣ್ಣು ಹಳದಿ, ಪಾದ ಊದಿಕೊಂಡಿತ್ತು. ಬಹಳ ದಿನ ಉಳಿದಿಲ್ಲವೆಂದು ನರ್ಸಿನ ಕಣ್ಣಿಗೆ ಯಾರೂ ಹೇಳಬೇಕಿರಲಿಲ್ಲ.

"ಚರ್ಚಿನೋರು ಕಳಿಸಿದ್ರಾ, ಇಲ್ಲ ನೀನೇ ಬಂದ್ಯಾ ಅಕ್ಕ?"

ನಾನೇ ಬಂದೆ ಎನ್ನಬಹುದಿತ್ತು. ಗಾಬರಿಬಿದ್ದ ಬಾಯಿ ನಿಜ ಹೇಳಿಬಿಟ್ಟಿತು. "ಚರ್ಚಿಂದ ಕಣೇ... ಎಲ್ಲರ ಮನೆಗೂ ಹೋಗ್ತಿದೀನಿ."

"ಹಾಗಾದ್ರೆ ಪಕ್ಕದ ಮನೆಗೆ ಹೋಗು."

ಬಾಗಿಲು ಮುಚ್ಚಿತು.

ಮುಂದಿನ ಆರು ಗುರುವಾರವೂ ತಟ್ಟಿದಳು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು, ಚಿಲಕ ಸರಿಯುತ್ತಿರಲಿಲ್ಲ. ಪೇಂಟರನನ್ನು ದಾರಿಯಲ್ಲಿ ಅಡ್ಡಹಾಕಿ, "ಆಸ್ಪತ್ರೆಗೆ ಸೇರಿಸಪ್ಪ, ಡಾಕ್ಟರ ಹತ್ರ ನಾನು ಮಾತಾಡ್ತೀನಿ" ಎಂದು ಅಂಗಲಾಚಿದಳು.

"ಹೇಳಿ ಹೇಳಿ ಸಾಕಾಗಿದೆ ಅತ್ತಿಗೆ. ಆ ಹಟ ಯಾರ ಮನೇದು ಅಂತ ನಿಮಗೆ ಗೊತ್ತಲ್ವಾ?"

ಏಳನೆಯ ವಾರ ಗುರುವಾರದ ತನಕ ತಡೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆಯೇ ಎದ್ದು, ಯಾರಿಗೂ ಹೇಳದೆ, ಬರಿಗೈಯಲ್ಲಿ ಹೊರಟಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರುಹಚ್ಚಿಕೊಂಡಿದ್ದಳು.

ಬಾಗಿಲು ಹಾರುಹೊಡೆದಿತ್ತು. ಪೇಂಟರ್ ಹೊಸ್ತಿಲ ಮೇಲೆ ಕೂತಿದ್ದ. ಶನಿವಾರ ಆಸ್ಪತ್ರೆ, ಭಾನುವಾರ ಬೆಳಗಿನ ಜಾವ ಪ್ರಾಣ ಹೋಯಿತು, ಸಂಜೆಗೆ ಎಲ್ಲ ಮುಗಿಯಿತು ಎಂದ.

"ನನಗೆ ಹೇಳಿಕಳಿಸಬಾರದಾ?"

"ಕಳಿಸ್ತೀನಿ ಅಂದೆ ಅತ್ತಿಗೆ. ಬೇಡ, ಗುರುವಾರ ಹೇಗೂ ಬರ್ತಾಳೆ ಅಂದ್ಲು." ಅವನು ಮುಖ ಒರೆಸಿಕೊಂಡ. "ಗುರುವಾರ ಬಂತೂಂದ್ರೆ ತಲೆ ಬಾಚ್ಕೊಂಡು ಕೂತಿರೋಳು. ತೆಗಿಯೇ ಬಾಗಿಲು ಅಂದ್ರೆ, ಇನ್ನೊಂದು ಸಲ ತಟ್ಟಲಿ ಅನ್ನೋಳು."

ನೂರಾರು ಜನರ ಕಣ್ಣು ಮುಚ್ಚಿದ್ದ ನರ್ಸಮ್ಮ ಹೊಸ್ತಿಲ ಮೇಲೆ ಅವನ ಪಕ್ಕದಲ್ಲೇ ಕೂತಳು. ಒಂದು ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ಆ ಗಲ್ಲಿಯನ್ನು ಬೇರೆಯವರಿಗೆ ವಹಿಸುತ್ತೇನೆಂದು ಪಾಸ್ಟರ್ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಗುರುವಾರ ಎಲ್ಲರ ಮನೆ ಮುಗಿಸಿ ಕೊನೆಗೆ ಪೇಂಟರನ ಮನೆಗೆ ಹೋಗಿ ಕಸ ಗುಡಿಸಿ, ಅನ್ನ ಮಾಡಿಟ್ಟು ಬರುತ್ತಿದ್ದಳು. ಎರಡು ತಿಂಗಳಿಗೆ ಅವನು ಮನೆ ಖಾಲಿ ಮಾಡಿದ. ಹೋಗುವಾಗ ವಿಳಾಸ ಕೊಡಲಿಲ್ಲ. ಕೇಳುವ ಹಕ್ಕು ತನಗಿದೆಯೆಂದು ಅವಳಿಗೂ ಅನ್ನಿಸಲಿಲ್ಲ.