ಅವ್ವನ ಮೂಗು, ಅಪ್ಪನ ಅಂಗಿ

ಮೆಣಸಿನಕಾಯಿ ಕರಕಲಾಗುತ್ತಿತ್ತು. ಅವ್ವ ಹಂಚಿನ ಮುಂದೆಯೇ ನಿಂತಿದ್ದಳು.

ಎರಡನೇ ಲಾಕ್‌ಡೌನಿನ ಬೇಸಿಗೆ ಅದು. ನಾನು ರಸಾಯನಶಾಸ್ತ್ರ ಕಲಿಸುವ ರಾಣೆಬೆನ್ನೂರಿನ ಕಾಲೇಜು ಮುಚ್ಚಿದ್ದರಿಂದ ಬ್ಯಾಡಗಿಯ ಮನೆಯಲ್ಲೇ ಇದ್ದೆ. ನಮ್ಮೂರಿನ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಹಂಚಿನ ಮೇಲೆ ಹೊತ್ತಿದರೆ ಯಾವ ಕಾಯಿಯೂ ಸುಮ್ಮನೆ ಬಿಡುವುದಿಲ್ಲ. ನಾನು ದುಪಟ್ಟಾ ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದೆ. ಅಪ್ಪ ಕೆಮ್ಮುತ್ತಾ ಹೊರಗಿನ ಕಟ್ಟೆಗೆ ಹೋಗಿ ಕುಳಿತ. ಗೋಡೆಯ ಆಚೆಯಿಂದ ನೆರೆಮನೆಯ ಮಾಬೂಬಿ ಚಾಚಿ ಕೂಗಿದಳು.

"ಏ ಗಿರಿಜಕ್ಕಾ, ಕರೋನಾ ಓಡಸಾಕ ಹೊಗಿ ಹಾಕೀಯೇನ? ಅದರ ಜೋಡಿ ನಾವೂ ಊರ ಬಿಟ್ಟ ಓಡಬೇಕಾತಲ್ಲ!"

ಅವ್ವ ಹಿತ್ತಲ ಬಾಗಿಲಿಗೆ ಬಂದಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಏನಾತು? ಯಾಕ ಎಲ್ಲಾರೂ ಹಿಂಗ ಓಡಾಡಾಕತ್ತೀರಿ?"

ಅವಳಿಗೆ ಘಾಟು ಬಡಿದೇ ಇರಲಿಲ್ಲ.

ಅವ್ವ ನಾನು ಹುಟ್ಟುವ ಮೊದಲಿನಿಂದ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಬಂದವಳು. ಚೀಲದ ಬಾಯಿಗೆ ಮೂಗು ಇಟ್ಟು, ಇದು ಈ ವರ್ಷದ ಕಾಯಿ, ಇದು ಕೋಲ್ಡ್ ಸ್ಟೋರೇಜಿನಿಂದ ತೆಗೆದ ಹಳೆಯದು ಎಂದು ಹೇಳುತ್ತಿದ್ದಳು. ಅಪ್ಪ ಅದೇ ಚೀಲಗಳನ್ನು ತನ್ನ ಗೂಡ್ಸ್ ಗಾಡಿಯಲ್ಲಿ ಸಾಗಿಸುತ್ತಿದ್ದ. ಮಾರುಕಟ್ಟೆ ಮುಚ್ಚಿದ ಮೇಲೆ ಅಂಗಡಿಯವರು ಚೀಲಗಳನ್ನು ಮನೆಗೇ ಕಳಿಸಿದರು. ನಡುಮನೆಯ ಅರ್ಧ ಕೆಂಪಾಯಿತು. ಬೆಳಿಗ್ಗೆ ತರಕಾರಿ ಗಾಡಿ ಬಂದು ಹೋಗುವವರೆಗೆ ಓಣಿಯಲ್ಲಿ ಮಾತು ಇರುತ್ತಿತ್ತು, ಆಮೇಲೆ ಪೊಲೀಸರ ಸೀಟಿ ಮಾತ್ರ. ನಾವು ಮೂವರೂ ಗುಡ್ಡೆಯ ಸುತ್ತ ಕುಳಿತು ಸಂಜೆಯವರೆಗೆ ತೊಟ್ಟು ಬಿಡಿಸುತ್ತಿದ್ದೆವು.

ಸೀಜನ್ನಿನಲ್ಲಿ ನಮ್ಮ ಓಣಿ ಪೂರ್ತಿ ಕೆಮ್ಮುತ್ತದೆ. ಯಾರೂ ಯಾರನ್ನೂ ಯಾಕೆ ಎಂದು ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಆ ವರ್ಷ ಒಂದು ಕೆಮ್ಮಿಗೆ ಜನ ದೂರ ಸರಿಯುತ್ತಿದ್ದರಂತೆ. ನಮ್ಮಲ್ಲಿ ಹಾಗಾಗಲಿಲ್ಲ. ನಾವು ಹೆದರಿದ್ದು ಕೆಮ್ಮದೆ ನಿಂತ ಅವ್ವನನ್ನು ನೋಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ವ್ಯಾಬ್ ಕೊಟ್ಟೆವು. ಅವ್ವನದು ಪಾಸಿಟಿವ್. ನನ್ನದು ನೆಗೆಟಿವ್. ಅಪ್ಪನ ರಿಪೋರ್ಟ್ ಬರಲಿಲ್ಲ. ಲ್ಯಾಬಿನಲ್ಲಿ ರಶ್ ಇದೆ ಎಂದರು. ಓಣಿಯ ಬಾಯಿಗೆ ಬಿದಿರು ಕಟ್ಟಿದರು. ಅವ್ವ ಒಳಕೋಣೆ ಸೇರಿದಳು. ಅವಳ ತಾಟು, ಚರಿಗೆ, ಬಕೆಟ್ ಬೇರೆಯಾದವು.

ಅಪ್ಪ ಬಾಗಿಲ ಹೊರಗೆ ನಿಂತು ರೇಗಿಸುತ್ತಿದ್ದ. "ಲಗ್ನ ಆದಾಗಿಂದ ನನಗೊಂದು ಸ್ವಂತ ಖೋಲಿ ಕೊಡಲಿಲ್ಲ ನೀ. ಈಗ ನೀನ ಹಿಡ್ಕೊಂಡು ಕುಂತಿ ನೋಡು."

"ಬರ್ರಿ, ನಿಮಗೂ ಹಚ್ಚತೇನಿ. ಇಬ್ಬರೂ ಕೂಡೇ ಇರೂಣು," ಎಂದು ಒಳಗಿನಿಂದ ಅವ್ವ.

ನಾವು ನಕ್ಕೆವು. ನಗುವಾಗ ಅಪ್ಪ ಕೆಮ್ಮಿದ. ಅದನ್ನು ನಾನು ಕೇಳಿಸಿಕೊಂಡೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಶಾ ಕಾರ್ಯಕರ್ತೆ ದಿನವೂ ಬಂದು ಕಟ್ಟೆಯ ಮೇಲೆ ಆಕ್ಸಿಮೀಟರ್ ಇಟ್ಟು ದೂರ ನಿಲ್ಲುತ್ತಿದ್ದಳು. ಅವ್ವನ ಬೆರಳಿಗೆ ಹಾಕಿ ನೋಡುತ್ತಿದ್ದೆವು. ಚೆನ್ನಾಗಿಯೇ ಇರುತ್ತಿತ್ತು. ಅಪ್ಪನಿಗೆ ಹಾಕಲು ಹೋದರೆ ಕೈ ಹಿಂದೆಳೆದುಕೊಳ್ಳುತ್ತಿದ್ದ. "ನಂದು ಮೆಣಸಿನಕಾಯಿ ಕೆಮ್ಮ. ನಿನಗಿಂತಾ ಹಳೇದೈತಿ ಅದು."

ನಾನು ಚೀಲಗಳನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿದೆ. ನೆಲ ಒರೆಸಿದೆ, ಗೋಡೆ ಒರೆಸಿದೆ. ಧೂಳು ಹೋದರೆ ಕೆಮ್ಮು ಹೋಗಬೇಕಿತ್ತು. ಮನೆಯಲ್ಲಿ ಒಂದು ಬೀಜವೂ ಇಲ್ಲದಂತಾದ ಮೇಲೂ ಅಪ್ಪ ಕೆಮ್ಮುತ್ತಲೇ ಇದ್ದ. ಹಳೆಯ ಧೂಳು ಎದೆಯಲ್ಲಿ ಕುಳಿತಿರಬೇಕು ಎಂದುಕೊಂಡು ಕಷಾಯ ಕುದಿಸಿದೆ.

ಒಂದು ಬೆಳಿಗ್ಗೆ ನಳದ ಮುಂದೆ ಕೊಡ ಎತ್ತಲು ಬಗ್ಗಿದ ಅಪ್ಪ ಎತ್ತದೆ ಅಲ್ಲೇ ಕುಳಿತುಬಿಟ್ಟ. ಆಶಾ ಕಾರ್ಯಕರ್ತೆ ಆಗಷ್ಟೇ ಕಟ್ಟೆಯ ಮೇಲೆ ಇಟ್ಟಿದ್ದ ಆಕ್ಸಿಮೀಟರನ್ನು ತಂದು, ಕೇಳದೆ ಹಾಕಿದೆ.

ಎಂಬತ್ತೊಂದು.

ಯಂತ್ರ ಕೆಟ್ಟಿದೆ ಎಂದು ನನ್ನ ಬೆರಳಿಗೆ ಹಾಕಿಕೊಂಡೆ. ಕೆಟ್ಟಿರಲಿಲ್ಲ.

ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಅಪ್ಪ ಅಂಗಿ ಬದಲಿಸಿದ. ಕೈ ತೋಳಿನೊಳಗೆ ಹೋಗಲು ತಡಮಾಡುತ್ತಿತ್ತು. "ದವಾಖಾನಿಗೆ ಹೊಲಸ ಅಂಗಿ ಹಾಕ್ಕೊಂಡು ಹೋಗಬಾರದು," ಎಂದ. ಬಿಚ್ಚಿದ ಅಂಗಿಯನ್ನು ಗೂಟಕ್ಕೆ ನೇತುಹಾಕಿದ. ಒಳಕೋಣೆಯ ಕಿಟಕಿಗೆ ಮುಖ ಒತ್ತಿ ಅವ್ವ ನಿಂತಿದ್ದಳು.

"ಇರಲಿ ಬಿಡ್ರಿ ಅದು. ನಾ ಹೊರಗ ಬಂದ ಮ್ಯಾಲ ಒಗೀತೇನಿ."

"ಹೂಂ. ಲಗೂ ಬಾ," ಎಂದ ಅಪ್ಪ, ಹೋಗುತ್ತಿರುವವಳು ಅವಳೇ ಎಂಬಂತೆ.

ರಾಣೆಬೆನ್ನೂರಿನಲ್ಲಿ ಬೆಡ್ ಇರಲಿಲ್ಲ. ಹಾವೇರಿಯಲ್ಲಿ ಸಿಕ್ಕಿತು, ಕಾದ ಮೇಲೆ. ವಾರ್ಡಿನೊಳಗೆ ನನ್ನನ್ನು ಬಿಡಲಿಲ್ಲ. ಹಗಲೆಲ್ಲ ಕಾಂಪೌಂಡಿನ ಬೇವಿನ ಮರದ ಕೆಳಗೆ, ನನ್ನ ಹಾಗೆಯೇ ಫೋನ್ ಹಿಡಿದು ಕುಳಿತ ಅಪರಿಚಿತರ ನಡುವೆ ಇರುತ್ತಿದ್ದೆ. ಅಲ್ಲಿ ಯಾರೂ ಹೆಸರು ಕೇಳುತ್ತಿರಲಿಲ್ಲ. "ನಿಮ್ಮವರದು ಎಷ್ಟೈತ್ರಿ?" ಎಂದು ಮಾತ್ರ ಕೇಳುತ್ತಿದ್ದರು. ಸ್ಯಾಚುರೇಶನ್ ಎಷ್ಟು ಎಂದು. ಸಂಜೆ ಹಳ್ಳಿಯಿಂದ ಹಾಲು ತರುವವರ ವ್ಯಾನು ಬ್ಯಾಡಗಿಯವರೆಗೆ ಬಿಡುತ್ತಿತ್ತು. ಮಾಬೂಬಿ ಚಾಚಿ ಅವ್ವನಿಗೆ ರೊಟ್ಟಿ ಮಾಡಿ ಕಿಟಕಿಯಲ್ಲಿಟ್ಟು ಹೋಗಿರುತ್ತಿದ್ದಳು.

ಡಾಕ್ಟರು ದಿನಕ್ಕೊಮ್ಮೆ ಮೆಟ್ಟಿಲಿಗೆ ಬರುತ್ತಿದ್ದರು. ಪಿಪಿಇ ಕಿಟ್ಟಿನ ಒಳಗಿಂದ ದಣಿದ, ಚಿಕ್ಕ ವಯಸ್ಸಿನ ದನಿ. "ಲಂಗ್ಸ್ ಇನ್ವಾಲ್ವ್‌ಮೆಂಟ್ ಜಾಸ್ತಿ ಇದೆ. ಹೈ ಫ್ಲೋ ಆಕ್ಸಿಜನ್ ಕೊಡ್ತಿದೀವಿ. ಸ್ವಲ್ಪ ಮೊದಲೇ ಬಂದಿದ್ರೆ..." ಅಲ್ಲಿಗೇ ನಿಲ್ಲಿಸಿದರು. ಅದು ಅವರ ದಯೆ.

ಒಂದು ಮಧ್ಯಾಹ್ನ ನರ್ಸ್ ಅಪ್ಪನ ಕೈಗೆ ಫೋನ್ ಕೊಟ್ಟರು. ಮಾಸ್ಕಿನ ಗಾಳಿಯ ಸದ್ದಿನ ನಡುವೆ ಅಪ್ಪನ ದನಿ ತುಂಡು ತುಂಡಾಗಿ ಬಂತು.

"ಉಂಡೀಯೇನ?"

"ಹೂಂ ಅಪ್ಪಾ."

"ನಿಮ್ಮವ್ವಗ... ವಾಸನಿ ಬಂತೇನು?"

"ಇನ್ನೂ ಇಲ್ಲ."

"ಬರತೈತಿ. ಅಕೀ ಮೂಗು... ಎಲ್ಲಿ ಹೋಗತೈತಿ."

ಆ ಮಾತನ್ನು ಸಂಜೆ ಅವ್ವನಿಗೆ ಮುಟ್ಟಿಸಿದೆ. ಮರುದಿನ ಬೆಳಿಗ್ಗೆ ನಾನು ಮರದ ಕೆಳಗೆ ಬಂದು ಕೂರುವ ಮೊದಲೇ ನನ್ನನ್ನು ಕರೆದರು.

ಅಪ್ಪ ಇರಲಿಲ್ಲ.

ಮಣ್ಣಿಗೆ ಹೋದವಳು ನಾನೊಬ್ಬಳೇ. ದೂರ ನಿಲ್ಲಿಸಿದ್ದರು. ಜಿಪ್ ಹಾಕಿದ ಚೀಲದಲ್ಲಿ ಮುಖ ಯಾವ ಕಡೆಗಿದೆ ಎಂದು ತಿಳಿಯಲಿಲ್ಲ. ಅಪ್ಪ ಹಾಕಿಕೊಂಡು ಹೋದ ಸ್ವಚ್ಛ ಅಂಗಿ ಏನಾಯಿತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವ್ವನಿಗೆ ಮುಚ್ಚಿದ ಬಾಗಿಲ ಹೊರಗೆ ನಿಂತು ಹೇಳಿದೆ. ಒಳಗೆ ಚರಿಗೆ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಅವಳು ಕೇಳಿದಳು, "ಹೋಗೂವಾಗ ಕೆಮ್ಮಾಕತ್ತಿದ್ದರೇನು?"

"ಗೊತ್ತಿಲ್ಲವ್ವಾ," ಎಂದೆ. ಖರೇನೂ ಗೊತ್ತಿರಲಿಲ್ಲ.

ಕ್ವಾರಂಟೈನ್ ಮುಗಿದು ಅವ್ವ ಹೊರಗೆ ಬಂದಳು. ತಲೆಬಾಗಿಲಿಗೆ ಹೋಗಲಿಲ್ಲ, ನೇರ ಗೂಟದ ಹತ್ತಿರ ಹೋದಳು. ಅಂಗಿಯಲ್ಲಿ ಮುಖ ಹುದುಗಿಸಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಮಗ್ಗುಲು ಬದಲಿಸಿ, ಕಂಕುಳಿನ ಕಡೆ, ಕಾಲರಿನ ಕಡೆ. ಚೀಲದ ಕಾಯಿ ಪರೀಕ್ಷಿಸುವಾಗ ಹೀಗೆಯೇ ಮಾಡುತ್ತಿದ್ದಳು. ತಲೆ ಎತ್ತಿದಾಗ ಅವಳ ಮುಖ ನೋಡಲಾಗಲಿಲ್ಲ.

"ಏನೂ ಇಲ್ಲ. ನೀ ನೋಡವಾ, ನಿನಗ ಬರತೈತೇನು?"

ನಾನು ನೋಡಿದೆ. ಮೆಣಸಿನಕಾಯಿಯ ಧೂಳು, ಡೀಸೆಲ್, ತಲೆಗೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ, ಬೆವರು. ಒಂದೊಂದನ್ನೇ ಹೇಳಿದೆ. ಮನಸ್ಸಿನೊಳಗಿನದನ್ನು ಹೇಳಿ ರೂಢಿಯಿಲ್ಲದವಳು ನಾನು. ಪದಾರ್ಥಗಳ ಹೆಸರನ್ನಾದರೂ ತಪ್ಪಿಲ್ಲದೆ ಹೇಳಬಲ್ಲೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. ಆಗ ಅತ್ತಳು.

ಓಣಿಯವರು ಅಂಗಿಯನ್ನು ಸುಡಬೇಕೆಂದರು. ಆಶಾ ಕಾರ್ಯಕರ್ತೆ ಬಿಸಿನೀರಲ್ಲಿ ಒಗೆದರೆ ಸಾಕೆಂದಳು. ಅವ್ವ ಎರಡನ್ನೂ ಮಾಡಲಿಲ್ಲ. ಅಂಗಡಿಯವರು ಒಳ್ಳೆಯ ಕಾಯಿಯ ಸ್ಯಾಂಪಲ್ ಇಡುವ ದಪ್ಪ ಪ್ಲಾಸ್ಟಿಕ್ ಚೀಲ ತಂದು, ಅಂಗಿ ಮಡಚಿ ಹಾಕಿ, ಒಳಗಿನ ಗಾಳಿಯನ್ನು ಎದೆಗೆ ಒತ್ತಿ ಹೊರಹಾಕಿ ಬಾಯಿ ಬಿಗಿದಳು. ಅದನ್ನು ಇನ್ನೊಂದು ಚೀಲಕ್ಕೆ ಹಾಕಿ ಮತ್ತೆ ಬಿಗಿದಳು. ಬೆಳಕು ಬೀಳದ ಒಳಕೋಣೆಯ ಮೂಲೆಯಲ್ಲಿ, ನೀರಿನ ಹರವಿಯ ಮಗ್ಗುಲಿಗೆ ಇಟ್ಟಳು.

"ಗಾಳಿ, ಬಿಸಲ ತಾಕಲಿಲ್ಲಂದ್ರ ವರ್ಷ ಇರತೈತಿ. ಅಷ್ಟರಾಗ ನನ್ನ ಮೂಗು ಬರತೈತಿ. ನಿಮ್ಮಪ್ಪ ಹೇಳ್ಯಾರಲ್ಲ."

ವಾಸನೆ ಎಂದರೆ ವಸ್ತುವೇ ಕಣಕಣವಾಗಿ ಹೊರಟುಹೋಗುವುದು. ಮೂಸಿದಷ್ಟೂ ಅದು ಕಡಿಮೆಯಾಗುತ್ತದೆ, ಮೂಸದಿದ್ದರೂ ನಿಧಾನವಾಗಿ ಹೋಗುತ್ತದೆ. ಇದನ್ನು ನಾನು ಪಾಠ ಮಾಡುತ್ತೇನೆ. ಅವ್ವನಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿಲ್ಲವೆಂದೂ ಅನ್ನಿಸುವುದಿಲ್ಲ.

ಹಾವೇರಿಯ ಇಎನ್‌ಟಿ ಡಾಕ್ಟರು, ನರಕ್ಕೆ ಪೆಟ್ಟಾಗಿದೆ, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದರು. ಸ್ಮೆಲ್ ಟ್ರೇನಿಂಗ್ ಹೇಳಿಕೊಟ್ಟರು. ಬೆಳಿಗ್ಗೆ, ಸಂಜೆ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪಿಸಿಕೊಳ್ಳಬೇಕು. ಅವ್ವ ಪೂಜೆಗೆ ಕೂರುವಂತೆ ಕೂರುತ್ತಾಳೆ. ನಾನು ಒಂದೊಂದೇ ಡಬ್ಬಿ ಅವಳ ಮೂಗಿನ ಕೆಳಗೆ ಹಿಡಿಯುತ್ತೇನೆ. ಮಾಬೂಬಿ ಚಾಚಿ ಗೋಡೆಯ ಮೇಲಿಂದ ನೋಡಿ, "ಹಿಂಗಾದ್ರ ನಿಮ್ಮ ಮನ್ಯಾಗ ಪಲಾವಿಗೆ ಲವಂಗ ಉಳಿಯೂದಿಲ್ಲ ಬಿಡು," ಎನ್ನುತ್ತಾಳೆ. ಅವಳು ಹಾಗೆ ಅನ್ನದ ದಿನ ನಮಗೆ ಏನೋ ಕಡಿಮೆಯಾದಂತೆ.

ಹೊಸ ಸೀಜನ್ ಬಂತು. ಮಾರುಕಟ್ಟೆ ತೆರೆಯಿತು. ಅವ್ವ ಮತ್ತೆ ಅಂಗಡಿಗೆ ಹೋಗುತ್ತಾಳೆ. ಕಾಯಿಯನ್ನು ಈಗ ಬಣ್ಣ ನೋಡಿ, ಬೆರಳಲ್ಲಿ ಮುರಿದು ಗುರುತಿಸುತ್ತಾಳೆ. ಘಾಟು ಮೊದಲು ಮರಳಿತು. ಒಂದು ಸಂಜೆ ಗುಡ್ಡೆಯ ಮುಂದೆ ಕುಳಿತವಳು ಕೆಮ್ಮಿದಳು. ನನ್ನ ಕೈ ತಾನಾಗಿ, ಆಮೇಲೆ ಕೊಂಡಿಟ್ಟಿದ್ದ ಆಕ್ಸಿಮೀಟರಿಗೆ ಹೋಯಿತು. ಅವ್ವ ಸೀನಿ, ಕಣ್ಣೊರೆಸಿಕೊಂಡು, ನನ್ನನ್ನು ನೋಡಿ ನಕ್ಕಳು. ಈಗ ಇಬ್ಬರಲ್ಲಿ ಯಾರು ಕೆಮ್ಮಿದರೂ ಬೆರಳಿಗೆ ಅದನ್ನು ಹಾಕುತ್ತೇವೆ. ಮೆಣಸಿನಕಾಯಿ ಕೆಮ್ಮು ಎಂಬ ಮಾತು ನಮ್ಮ ಮನೆಯಲ್ಲಿ ಇಲ್ಲ.

ಹೋದ ವಾರ ಲವಂಗದ ಡಬ್ಬಿ ಹಿಡಿದಾಗ ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ತಡಿ. ಏನೋ ಐತಿ. ದೂರ... ಭಾಳ ದೂರ ಐತಿ."

ನನ್ನ ಕೈ ಬಿಟ್ಟು ಒಳಕೋಣೆಗೆ ಹೋದಳು. ಚೀಲ ತಂದು ತೊಡೆಯ ಮೇಲಿಟ್ಟುಕೊಂಡಳು. ಹೊರಚೀಲದ ಗಂಟು ಬಿಚ್ಚಿದಳು. ಒಳಗಿನ ಗಂಟಿಗೆ ಉಗುರು ಹಾಕಿದಳು. ನಾನು ಡಬ್ಬಿ ಹಿಡಿದುಕೊಂಡೇ ನೋಡುತ್ತಿದ್ದೆ. ಒಳಗೆ ಇನ್ನೂ ಏನಾದರೂ ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು.

ಅವಳ ಬೆರಳು ಅಲ್ಲೇ ನಿಂತಿತು.

"ಬ್ಯಾಡ," ಎಂದಳು. "ಈ ಅರ್ಧಾ ಮೂಗಿಗೆ ತೆಗದ್ರ ಸುಮ್ಮನ ಹಾಳಾಗತೈತಿ. ಪೂರಾ ಬರಲಿ."

ಹೊರಚೀಲದ ಗಂಟನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿ, ಹರವಿಯ ಮಗ್ಗುಲಿಗೆ ಇಟ್ಟು ಬಂದಳು. ನನ್ನ ಮುಂದೆ ಕುಳಿತು ಕಣ್ಣು ಮುಚ್ಚಿದಳು.

"ಹಿಡಿ. ಲವಂಗ ಇನ್ನೊಮ್ಮೆ ಹಿಡಿ."