ತಿದ್ದುಪಡಿ ಚೀಟಿ ಅಂಟಿಸುತ್ತಿದ್ದ ಮರಿಬಸಪ್ಪ

"ಹೆಣ್ಣಿಲ್ಲದ ಮನಿ, ಆದ್ರ ಓಣ್ಯಾಗ ಮೊದ್ಲ ರಂಗೋಲಿ ಬೀಳೂದು ಅವ್ರ ಬಾಗಲಾಗ ನೋಡ್ರಿ" ಎಂದು ಬಳ್ಳಾರಿಯ ಗಾಂಧಿನಗರದ ಹೆಂಗಸರು ನಲ್ಲಿಯ ಹತ್ತಿರ ನಗುತ್ತಿದ್ದರು. ಆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದ ಗುರುಬಸಮ್ಮ ಮಾತ್ರ, "ಹಾಕ್ಲಿ ಬಿಡ್ರೆವ್ವಾ, ನಿಮ್ಮ ಗಂಡಂದಿರು ಒಂದಿನಾ ಕಸಾ ಹೊಡದಾರೇನು?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಆ ಮನೆಯಲ್ಲಿದ್ದವರು ಇಬ್ಬರು. ಕುರುಗೋಡಿನ ಮರಿಬಸಪ್ಪ, ವಕೀಲರ ಗುಮಾಸ್ತ. ಸಿರುಗುಪ್ಪದ ಹೊನ್ನೂರಪ್ಪ, ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುವವನು. ರಂಗೋಲಿ ಇವನದೇ. ನೆಂಟರಲ್ಲ, ಒಂದೇ ಜಾತಿಯವರೂ ಅಲ್ಲ. ಅರವತ್ತೊಂದನೇ ಇಸವಿಯಿಂದ ಒಂದೇ ಒಲೆ, ಒಂದೇ ಹಾಸಿಗೆ. ಗಂಡಹೆಂಡಿರಂತೆ ಬಾಳುತ್ತಿದ್ದರು ಅನ್ನಿ. ಓಣಿಗೆ ಅದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಹೆಸರಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಹೆಸರಿಟ್ಟು ಹೇಳಿದ್ದು ಕಾನೂನು. ಬ್ರಿಟಿಷರು ಬರೆದಿಟ್ಟು ಹೋದ ದಂಡ ಸಂಹಿತೆಯ ಮುನ್ನೂರ ಎಪ್ಪತ್ತೇಳನೇ ಕಲಮು ಇಂಥ ಬಾಳುವೆಗೆ ಹತ್ತು ವರ್ಷ, ಬೇಕಾದರೆ ಜೀವಾವಧಿ ಜೈಲು ಎನ್ನುತ್ತಿತ್ತು. ಆ ಪುಟ ಮರಿಬಸಪ್ಪನಿಗೆ ಬಾಯಿಪಾಠ. ಯಾಕೆಂದರೆ ಕಾನೂನು ಪುಸ್ತಕಗಳನ್ನು ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಯಾವುದಾದರೂ ಕಲಮು ಬದಲಾದರೆ ಅಚ್ಚಾದ ತಿದ್ದುಪಡಿ ಚೀಟಿ ಬರುತ್ತಿತ್ತು. ಅದನ್ನು ಪುಟದ ಅಂಚಿಗೆ ಸರಿಹೊಂದುವಂತೆ ಕತ್ತರಿಸಿ, ಮೈದಾ ಅಂಟು ಹಚ್ಚಿ, ಕೆಂಪು ಶಾಯಿಯಲ್ಲಿ ತಾರೀಖು ಬರೆಯುತ್ತಿದ್ದ. ವಕೀಲ ಪಾಲಯ್ಯನವರು ಮೂಲ ಅಚ್ಚನ್ನು ನೋಡುತ್ತಲೇ ಇರಲಿಲ್ಲ. ಮರಿಬಸಪ್ಪನ ಚೀಟಿ ಏನು ಹೇಳುತ್ತದೋ ಅದೇ ಕಾನೂನು.

ಅರವತ್ತೇಳರ ಜುಲೈ ತಿಂಗಳಲ್ಲಿ ಮದ್ರಾಸಿನ ಇಂಗ್ಲಿಷ್ ಪತ್ರಿಕೆಯಲ್ಲಿ ಸಣ್ಣ ಸುದ್ದಿಯೊಂದು ಬಂತು. ಇಪ್ಪತ್ತೊಂದು ದಾಟಿದ ಇಬ್ಬರು ಗಂಡಸರು ಒಪ್ಪಿ, ಮರೆಯಲ್ಲಿ ಕೂಡಿದರೆ ಇಂಗ್ಲೆಂಡಿನಲ್ಲಿ ಇನ್ನು ಅಪರಾಧವಲ್ಲ ಎಂದು. ಮರಿಬಸಪ್ಪ ನಿಂತಲ್ಲೇ ಮೂರು ಸಲ ಓದಿದ. ಆ ತುಣುಕನ್ನು ಮನೆಯಲ್ಲಿಡಲು ಹೆದರಿಕೆ, ಬಿಸಾಡಲು ಮನಸ್ಸಿಲ್ಲ. ಕೊನೆಗೆ ಯಾರೂ ತೆರೆಯದ ಆ ಪುಟಕ್ಕೇ ಅಂಟಿಸಿಬಿಟ್ಟ. ಕೈ ಪಳಗಿತ್ತಲ್ಲ, ಅಂಚಿಗೆ ಹೊಂದಿಸುವಾಗ ಸುದ್ದಿಯ ತಲೆಯಲ್ಲಿದ್ದ ಊರು, ದೇಶದ ಹೆಸರುಗಳೆಲ್ಲ ಕತ್ತರಿಗೆ ಹೋದವು. ಕೆಂಪು ತಾರೀಖೂ ಬಿತ್ತು.

ಮರುವರ್ಷ ಬೇಸಿಗೆಯಲ್ಲಿ ಅವನ ಅಣ್ಣ ಕೊಟ್ಟೂರಪ್ಪ ಕುರುಗೋಡಿನಿಂದ ಬಂದ. ತಮ್ಮನಿಗೆ ಹೆಣ್ಣು ಗೊತ್ತು ಮಾಡಿದ್ದ, ತಮ್ಮ ಒಲ್ಲೆ ಅಂದಿದ್ದ.

"ಆ ಫಿಟ್ಟರ್‌ನ ಮನಿ ಬಿಡಸ್ತಿಯೋ, ಜೈಲಿಗೆ ಹಾಕಸ್ಲೋ? ನಾಳೆ ನಿಮ್ಮ ವಕೀಲರ ಕೈಲೇ ಅರ್ಜಿ ಬರೆಸ್ತೀನಿ ನೋಡಲೇ!"

ಹೊನ್ನೂರಪ್ಪ ಅಂದೇ ಬಟ್ಟೆ ಗಂಟು ಕಟ್ಟಿದ. "ನಾ ಹೋದ್ರ ನೀ ಉಳೀತಿ ಬಸಣ್ಣ." ಮರಿಬಸಪ್ಪ ಗಂಟು ಬಿಚ್ಚಿದ. "ಉಳದು ಏನ್ ಮಾಡ್ಲಿ, ರಂಗೋಲಿ ಹಾಕ್ಲೇನು? ನನಗ ನೆಟ್ಟಗ ಒಂದು ಗೆರಿ ಬರಂಗಿಲ್ಲ."

ಮರುದಿನ ಮರಿಬಸಪ್ಪ ಕೋರ್ಟಿನಿಂದ ಕಚೇರಿಗೆ ಬರುವಷ್ಟರಲ್ಲಿ ಅಣ್ಣ ಮೆಟ್ಟಿಲಿಳಿಯುತ್ತಿದ್ದ. ಮುಖ ಕೆಂಪಾಗಿತ್ತು. "ಎಂಥಾ ಕಾಲ ಬಂತಲೇ! ಸರ್ಕಾರನ ನಿಮ್ಮ ಕಡಿ ಆಗೈತಂತ. ನಾ ಈ ಊರಿಗೆ ಬರೋದಿಲ್ಲ" ಎಂದು ಬಸ್ ನಿಲ್ದಾಣದ ಕಡೆ ನಡೆದ.

ಒಳಗೆ ಪಾಲಯ್ಯನವರ ಮೇಜಿನ ಮೇಲೆ ಆ ಪುಟ ತೆರೆದಿತ್ತು. ಮರಿಬಸಪ್ಪ ನೇರ ಮೇಜಿನ ಹತ್ತಿರ ಹೋದ.

"ಸಾಹೇಬ್ರ, ಅದು ನಮ್ಮ ದೇಶದ್ದಲ್ಲ ರೀ. ಇಂಗ್ಲೆಂಡಿಂದು. ನಾನ ಅಂಟಿಸಿದ್ದು."

ಪಾಲಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. "ಅಯ್ಯೋ ನಿನ್ನ! ಕೇಸ ಆಗಂಗಿಲ್ಲ, ಸ್ಟೇಷನ್ನಿಗೆ ಹೋದ್ರ ನಗ್ತಾರ ಅಂತ ಹೇಳಿ ಕಳಿಸಿದ್ನಲ್ಲೋ ನಿಮ್ಮಣ್ಣನ್ನ!" ಮರಿಬಸಪ್ಪನಿಗೆ ಗೊತ್ತಿತ್ತು, ಇವರು ಒಂದು ಕಾರ್ಡು ಬರೆದು ಹಾಕಿದರೆ ಅಣ್ಣ ನಾಳೆಯೇ ಪೊಲೀಸರನ್ನು ಕರೆತರುವವನು.

"ಒದ್ದಿ ಅರಿವಿ ತಗೊಂಡು ಬಾ, ಅಂಟು ನೆನೀಲಿ" ಎಂದರು ಪಾಲಯ್ಯ. "ಈ ಚೀಟಿ ಇಲ್ಲಿ ಇರಬಾರದು. ನನ್ನ ಪುಸ್ತಕ ಸುಳ್ಳು ಹೇಳಬಾರದು."

"ಅಣ್ಣಗ..."

"ಅವ ಕೇಳಾಕ ಬಂದ್ರ ಖರೆ ಹೇಳ್ತೀನಿ. ಊರೂರಿಗೆ ಹೋಗಿ ಸಾರಾಕ ನಾನೇನು ಡಂಗುರ ಹೊಡಿಯವನೇನು? ಹೋಗು, ಚಾ ಹೇಳು."

ಚೀಟಿ ಕಿತ್ತಿಟ್ಟು ಚಹಾ ಹೇಳಲು ಹೋದ ಮರಿಬಸಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತನಂತೆ. ಅಂಗಡಿಯವನು ಯಾರು ಸತ್ತರೆಂದು ಕೇಳಿದ. "ಯಾರೂ ಇಲ್ಲ, ಎಲ್ಲಾರೂ ಬದುಕ್ಯಾರ" ಎಂದನಂತೆ ಇವನು.

ಕೊಟ್ಟೂರಪ್ಪ ಹೇಳಿದ ಮಾತಿನಂತೆ ಮತ್ತೆಂದೂ ಬಳ್ಳಾರಿಗೆ ಬರಲಿಲ್ಲ. ಅಷ್ಟು ನೋವು ಉಳಿಯಿತು. ಆದರೆ ರಾತ್ರಿ ಚಿಲಕ ಸದ್ದಾದರೆ ಬೆಚ್ಚುವುದು ನಿಂತಿತು.

ಆಮೇಲೆ ಇಂಥ ಸುದ್ದಿ ಕಂಡಾಗಲೆಲ್ಲ ಮರಿಬಸಪ್ಪ ಊಟಕ್ಕೆ ಕೂತಾಗ ಹೇಳುತ್ತಿದ್ದ. ಅರವತ್ತೊಂಬತ್ತರಲ್ಲಿ ಕೆನಡಾ, ಎಪ್ಪತ್ತೆರಡರಲ್ಲಿ ನಾರ್ವೆ.

"ನಾರ್ವೆ ಅಂದ್ರ ಎಲ್ಲೈತಿ?"

"ಬಾಳ ದೂರ. ಆರು ತಿಂಗಳು ಹಿಮ ಅಂತ."

"ಅಲ್ಲಿ ಅಕ್ಕಿ ಗಿರಣಿ ಇಲ್ಲಲ್ಲ, ನಾ ಒಲ್ಲೆ" ಎಂದು ಹೊನ್ನೂರಪ್ಪ ರೊಟ್ಟಿ ಮುರಿಯುತ್ತಿದ್ದ.

ಎಂಬತ್ತರಲ್ಲಿ ಸ್ಕಾಟ್ಲೆಂಡ್, ಎಂಬತ್ತಾರರಲ್ಲಿ ನ್ಯೂಜಿಲೆಂಡ್. ನಮ್ಮ ಕಲಮಿಗೆ ಚೀಟಿ ಬರಲೇ ಇಲ್ಲ. ಮರಿಬಸಪ್ಪ ಕೆಲಸ ಬಿಡುವ ದಿನವೂ ಆ ಪುಟದ ಅಂಚು ಖಾಲಿಯೇ ಇತ್ತು.

ಎಂಬತ್ತೇಳರಲ್ಲಿ ಹೊನ್ನೂರಪ್ಪನ ಅಕ್ಕ ಸತ್ಯಮ್ಮ ಸಿರುಗುಪ್ಪದಿಂದ ಹೇಳಿಕಳಿಸಿದಳು: "ನನಗೂ ವಯಸ್ಸಾತು, ಮನಿ ದೊಡ್ಡದೈತಿ. ಇಬ್ಬರೂ ಬರ್ರಿ. ಒಬ್ಬನ ಬಂದ್ರ ಬಾಗಲಾ ತೆಗೆಯಂಗಿಲ್ಲ."

ಸಾಮಾನು ಟೆಂಪೋಕ್ಕೆ ಏರಿತು. ನಡುಮಧ್ಯಾಹ್ನ. ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಗುರುಬಸಮ್ಮ ಬುತ್ತಿ ಕಟ್ಟಿ ತಂದಿದ್ದಳು. "ಖಾರ ಜಾಸ್ತಿ ಆಗೈತಿ, ಬೈಬ್ಯಾಡ್ರಿ" ಎನ್ನುತ್ತ ಕಣ್ಣೊರೆಸಿಕೊಂಡಳು. ಮರಿಬಸಪ್ಪ ಅವಳಿಗೆ ಕೀಲಿ ಕೊಟ್ಟ. ಹೊನ್ನೂರಪ್ಪ ಟೆಂಪೋದ ಮೇಲಿನಿಂದ ಕೈ ಚಾಚಿದ. ಮೊಣಕಾಲು ನೋವಿನ ಮರಿಬಸಪ್ಪ ಆ ಕೈಯನ್ನು ಎಲ್ಲರೂ ನೋಡುತ್ತಿರುವಂತೆಯೇ ಹಿಡಿದು, ಸಾವಕಾಶವಾಗಿ ಹತ್ತಿ ಕೂತ.