ಐದನೆಯ ಹಾಸಿಗೆ

ಇಂಥ ಅನುಭವಗಳನ್ನು ಯಾರಾದರೂ ಬರೆದಿದ್ದರೆ ನಾನು ಎರಡನೆಯ ಪ್ಯಾರಾಕ್ಕೇ ಪುಟ ಮಗುಚುತ್ತಿದ್ದವಳು. ಎದುರಿಗೆ ಕೂತು ಹೇಳುವವರ ಗತಿ ಇನ್ನೂ ಕಷ್ಟ. ‘ಅವತ್ತು ಊಟಕ್ಕೆ ಏನು ಮಾಡಿದ್ರಿ?’ ಅಂತ ಕೇಳಿ ಅವರ ಮುಖ ಸಣ್ಣದು ಮಾಡಿಬಿಡುತ್ತಿದ್ದೆ. ಈಗ ನನ್ನ ಸರದಿ. ನೀವು ನಗುವುದಾದರೆ ಧಾರಾಳವಾಗಿ ನಗಿ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನ್ನ ಕೈಲಾಗುವ ಕೆಲಸ.

ನಮ್ಮದು ಅರಸೀಕೆರೆ. ಯಜಮಾನರದು ಕೊಬ್ಬರಿ ವ್ಯಾಪಾರ. ಮಕ್ಕಳಿಗೆ ರಜೆ ಬಂದಾಗ ಕಾರು ತೆಗೆದುಕೊಂಡು ಎಲ್ಲಾದರೂ ದೂರ ಹೋಗಿ ಬರುವುದು ನಮ್ಮ ಮನೆಯಲ್ಲಿ ರೂಢಿ. ಗಾಡಿ ಓಡಿಸುವುದು ಅವರ ಕೆಲಸ, ರಾತ್ರಿ ಎಲ್ಲೆಲ್ಲಿ ತಂಗಬೇಕು ಅಂತ ಗೊತ್ತುಮಾಡುವುದು ನನ್ನದು. ಈ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಕತ್ತಲಾಗುವ ಮೊದಲು ಊರು ಸೇರಬೇಕು, ಘಾಟಿಯನ್ನು ಬೆಳಗಿನ ಹೊತ್ತೇ ಇಳಿಯಬೇಕು, ಹೋಟೆಲಿನ ಫೋಟೋ ನಂಬದೆ ಫೋನ್ ಮಾಡಿ ವಿಚಾರಿಸಬೇಕು, ಹೀಗೆ ನನ್ನವೇ ನಿಯಮಗಳು. ನೆಂಟರಿಷ್ಟರೂ ಎಲ್ಲಿಗಾದರೂ ಹೊರಟರೆ ನನ್ನನ್ನೇ ಕೇಳುತ್ತಿದ್ದರು.

ಆ ವರ್ಷ ಕರಾವಳಿಗೆ ಹೋಗುವುದು ಅಂತಾಯಿತು. ಉಡುಪಿ, ಗೋಕರ್ಣ, ಗೋವಾ, ಹೀಗೆ ಸಮುದ್ರದ ಪಕ್ಕದಲ್ಲೇ ಉದ್ದಕ್ಕೂ. ನಾನು, ಯಜಮಾನರು, ನಮ್ಮ ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ನೀಲತ್ತೆ. ನೀಲತ್ತೆ ಅಂದರೆ ನಮ್ಮ ಮಾವನವರ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು ಇಲ್ಲೇ ಉಳಿದರು. ನಮ್ಮ ಯಜಮಾನರನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಮನೆಯಿಂದ ಯಾರು ಎಲ್ಲಿಗೆ ಹೊರಟರೂ ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುವುದು ಅವರ ಪಾಲಿಗೆ ಬಂದ ಕೆಲಸ. ಎಪ್ಪತ್ತು ದಾಟಿದ್ದರೂ ಸಮುದ್ರ ನೋಡಿರಲಿಲ್ಲ. ಈ ಸಲ ಕರೆದುಕೊಂಡು ಹೋಗುತ್ತೇವೆ ಅಂದಾಗ ಬಜಾರಿಗೆ ಹೋಗಿ ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ತಂದರು. ಮರಳಿನಲ್ಲಿ ಜಾರುವುದಿಲ್ಲವಂತೆ.

ನಮ್ಮ ಮನೆಯಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆ. ಮಾವನವರು ಕೊಬ್ಬರಿ ಲಾರಿಯ ಜೊತೆ ಉತ್ತರದ ಕಡೆಗೆ ಹೋಗುತ್ತಿದ್ದ ಕಾಲದಿಂದ ಬಂದದ್ದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನ, ಹೊರಡುವ ಒಬ್ಬೊಬ್ಬರೂ ತಮ್ಮದೊಂದು ವಸ್ತು ಕೊಡಬೇಕು. ಅಷ್ಟನ್ನೂ ಅಡಿಕೆ ಅಕ್ಕಿಯ ಜೊತೆ ಗಂಟು ಕಟ್ಟಿ, ಹೋಗುವ ದಾರಿಯಲ್ಲಿರುವ ಯಾರಾದರೂ ನೆಂಟರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸಿಲು ದಾಟಿತು ಅಂದರೆ ಆ ಜನವೂ ಹೊರಟ ಹಾಗೆ ಲೆಕ್ಕ. ಆಮೇಲೆ ಯಾವ ದಿನ ಬೇಕಾದರೂ ಹೋಗಿ ಗಂಟನ್ನು ಕೂಡಿಕೊಂಡು ಮುಂದೆ ಹೋಗಬಹುದು. ನಾವು ಹೊರಡುವುದು ಮಂಗಳವಾರ ಬಿದ್ದಿತ್ತು. ಆದ್ದರಿಂದ ಶುಕ್ರವಾರವೇ ಯಜಮಾನರು ಹಾರನಹಳ್ಳಿಯ ನಂಜಮ್ಮಕ್ಕನ ಮನೆಯಲ್ಲಿ ಗಂಟು ಇಟ್ಟು ಬಂದರು. ಮಕ್ಕಳು ಹೇರ್‌ಬ್ಯಾಂಡು, ಪೆನ್ನು ಅಂತ ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದರು. ನೀಲತ್ತೆ ಕೊಟ್ಟದ್ದು ತಾವು ದಿನಾ ಹಚ್ಚಿಕೊಳ್ಳುವ ವಿಭೂತಿ ಗಟ್ಟಿ. ಮೂರು ಬೆರಳು ಉಜ್ಜಿ ಉಜ್ಜಿ ನಡುವೆ ಹಳ್ಳ ಬಿದ್ದಿದ್ದ ಗಟ್ಟಿ.

ಗಂಟು ಹೋದ ಮೇಲೆ ನನ್ನ ತಲೆ ಕೆಟ್ಟಿತು. ನೀಲತ್ತೆಗೆ ಮೆಟ್ಟಿಲು ಆಗುವುದಿಲ್ಲ, ಪ್ರತಿ ಊರಿನಲ್ಲೂ ಕೆಳಗಿನ ರೂಮೇ ಬೇಕು. ಬೆಳಗಿನ ಜಾವಕ್ಕೇ ಬಿಸಿನೀರು ಬೇಕು. ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಅವರು ತೊಟ್ಟು ನೀರೂ ಮುಟ್ಟುವುದಿಲ್ಲ, ಅದಕ್ಕೊಂದು ಚೊಕ್ಕ ಮೂಲೆ ಬೇಕು. ನಾಲ್ಕು ಜನಕ್ಕೆ ಎಲ್ಲ ಕಡೆಯೂ ಒಂದೇ ದೊಡ್ಡ ರೂಮು ಸಿಗುತ್ತದೆ. ಐದು ಅಂದ ಕೂಡಲೇ ಹೋಟೆಲಿನವರ ದನಿ ಬದಲಾಗುತ್ತದೆ. ಭಾನುವಾರ ಇಡೀ ದಿನ ಫೋನ್ ಹಿಡಿದು ಕೂತು ಸಾಕಾಗಿ, ಸಂಜೆ ಹೋಗಿ ಅವರಿಗೆ ಹೇಳಿಬಿಟ್ಟೆ. ‘ಘಾಟಿಯಲ್ಲಿ ನಿಮಗೆ ಆಯಾಸ ಆಗತ್ತೆ ಅತ್ತೆ, ಬಿಪಿ ಬೇರೆ. ಇನ್ನೊಂದು ಸಲ ಹತ್ತಿರದಲ್ಲೇ ಎಲ್ಲಾದರೂ ಹೋಗೋಣ.’

ಅವರು ಕೊಡುಬಳೆ ಕರಿಯುತ್ತಿದ್ದರು. ಒಲೆ ಸಣ್ಣ ಮಾಡಿ, ‘ನಾನು ಆಗ್ಲೇ ಹೊರಟಾಯ್ತಲ್ಲೇ’ ಅಂದರು. ನಾನು ನಕ್ಕೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಕೊಡುಬಳೆಯ ಡಬ್ಬಿಯನ್ನು ಮಾತ್ರ ಕಾರಿನಲ್ಲಿ ತಾವೇ ತಂದು ಇಟ್ಟರು. ಪಕ್ಕದ ಮನೆಯ ಪಾರ್ವತಕ್ಕ ರಾತ್ರಿ ಬಂದು ಜೊತೆಗೆ ಮಲಗುವುದಾಗಿ ಒಪ್ಪಿಕೊಂಡಿದ್ದರು. ಹೊರಡುವಾಗ ಬಾಗಿಲಲ್ಲಿ ಹೊಸ ಚಪ್ಪಲಿ ಇತ್ತು. ನಾನು ಆ ಕಡೆ ನೋಡಲಿಲ್ಲ.

ಹಾರನಹಳ್ಳಿಯಲ್ಲಿ ನಂಜಮ್ಮಕ್ಕ ಗಂಟು ತಂದುಕೊಟ್ಟು ಕಾರಿನೊಳಗೆ ಬಗ್ಗಿ ನೋಡಿದಳು. ‘ನೀಲವ್ವ ಎಲ್ಲಿ?’ ಬರಲಿಲ್ಲ ಅಂದೆ. ಅವಳ ಮುಖ ಬಿಗಿಯಿತು. ಅತ್ತೆಯ ವಿಭೂತಿಯನ್ನು ಬಿಚ್ಚಿ ಇಲ್ಲೇ ಬಿಟ್ಟುಹೋಗುತ್ತೇನೆ ಅಂದರೆ ಮುಟ್ಟಲೂ ಒಪ್ಪಲಿಲ್ಲ. ‘ಇಟ್ಟೋರು ಹೊರಟಂಗೆ ಕಣವ್ವ. ಅರ್ಧ ದಾರೀಲಿ ಇಳಿಸ್ಬಾರ್ದು. ತಗೊಂಡೋಗು, ಅಲ್ಲೀತನಕ ಹೋಗಿ ನಿಮ್ಜೊತೆನೇ ಬರ್ಲಿ.’ ಯಜಮಾನರು ಗಂಟನ್ನು ಹಿಂದಿನ ಸೀಟಿನಲ್ಲಿ, ಮಕ್ಕಳ ಪಕ್ಕದ ಖಾಲಿ ಜಾಗದಲ್ಲಿ ಇಟ್ಟರು.

ಮಧ್ಯಾಹ್ನ ಹಳೇಬೀಡಿಗೆ ಬಂದೆವು. ಸತ್ಯ ಹೇಳುತ್ತೇನೆ, ಅಲ್ಲಿ ನನಗೆ ಬಹಳ ಹಗುರವಾಗಿತ್ತು. ಯಾರ ಮೊಣಕೈಯನ್ನೂ ಹಿಡಿದುಕೊಳ್ಳದೆ ಜಗುಲಿ ಹತ್ತಿದೆ. ಎಷ್ಟು ಬೇಗ ಬೇಕಾದರೂ ನಡೆಯಬಹುದಿತ್ತು, ನಡೆದೆ. ಸೌತೆಕಾಯಿ ಕೊಂಡು ಮಕ್ಕಳ ಜೊತೆ ಹುಲ್ಲಿನ ಮೇಲೆ ಕೂತು ತಿಂದೆ. ಆ ಹಗುರ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ರಾತ್ರಿಗೆ ಬೇಲೂರಿನಲ್ಲಿ ರೂಮು ಮಾಡಿದ್ದೆ. ಮನೆಯಿಂದ ಇಷ್ಟು ಹತ್ತಿರದಲ್ಲಿ ದುಡ್ಡು ಕೊಟ್ಟು ಮಲಗಬೇಕೇ ಅಂತ ಯಜಮಾನರು ಗೊಣಗಿದ್ದರು; ಬೆಳಿಗ್ಗೆ ಹಗುರ ಮೈಯಲ್ಲಿ ಘಾಟಿ ಇಳಿಯಬೇಕಾದರೆ ಇದೇ ಸರಿ ಅಂತ ನಾನೇ ಹಟ ಮಾಡಿದ್ದೆ. ಮೊದಲು ಐದು ಜನಕ್ಕೆ ಹೇಳಿದ್ದ ರೂಮನ್ನು ಭಾನುವಾರವೇ ಫೋನ್ ಮಾಡಿ ನಾಲ್ಕಕ್ಕೆ ಇಳಿಸಿದ್ದೆ. ಮಹಡಿಯ ಮೇಲಿನದೇ ಆಗಲಿ ಅಂತಲೂ ಹೇಳಿದ್ದೆ.

ನಾವು ಸಾಮಾನು ಇಳಿಸಿಕೊಂಡು ಒಳಗೆ ಹೋಗುವಾಗ ಇನ್ನೂ ಬೆಳಕಿತ್ತು. ಲಾಡ್ಜಿನ ಮ್ಯಾನೇಜರ್ ಕೆಳಗಿನ ರೂಮಿನ ಬೀಗದ ಕೈ ಕೊಟ್ಟ. ಮೇಲಿನದಲ್ಲವೇ ಅಂದೆ. ‘ಹೌದು ಮೇಡಂ, ನೀವು ಹೇಳಿದ್ದು ಮೇಲಿಂದೇ. ಅಜ್ಜಿನೇ ಬಂದು ಮೆಟ್ಟಿಲಾಗಲ್ಲ ಅಂದ್ರಲ್ಲ, ಅದಕ್ಕೆ ಬದಲಾಯಿಸ್ದೆ. ಹಾಸಿಗೇನೂ ಹಾಕ್ಸಿದೀನಿ.’ ಯಾವ ಅಜ್ಜಿ ಅಂದೆ. ಅವನಿಗೆ ಗೊಂದಲವಾಯಿತು. ‘ನಿಮ್ಮ ಗಾಡಿ ನಿಂತ ತಕ್ಷಣ ಮೊದಲು ಇಳಿದು ಬಂದ್ರಲ್ಲ ಮೇಡಂ. ಹಣೆ ತುಂಬಾ ವಿಭೂತಿ ಇತ್ತು.’

ಬಾಗಿಲು ತೆರೆದರೆ ಎರಡು ಮಂಚ, ಕಿಟಕಿಯ ಪಕ್ಕ ನೆಲದ ಮೇಲೆ ಐದನೆಯ ಹಾಸಿಗೆ. ಒಳಗೆ ಯಾರೂ ಇರಲಿಲ್ಲ. ದೇವಸ್ಥಾನದ ಊರು, ದಿನಕ್ಕೆ ಎಷ್ಟು ಅಜ್ಜಿಯರು ಬರುತ್ತಾರೋ, ಯಾರದೋ ಅಜ್ಜಿಯನ್ನು ನಮ್ಮವರು ಅಂದುಕೊಂಡಿದ್ದಾನೆ ಅಂದರು ಯಜಮಾನರು. ನನಗೂ ಅದೇ ಸರಿ ಅನ್ನಿಸಿತು. ಮ್ಯಾನೇಜರ್ ‘ಹಾಸಿಗೆ ಇರ್ಲಿ ಬಿಡಿ’ ಅಂದದ್ದರಿಂದ ಅದು ಅಲ್ಲೇ ಉಳಿಯಿತು. ದೊಡ್ಡ ಮಗಳು ಗಂಟನ್ನು ಎಲ್ಲಿಡಲಿ ಅಂತ ಕೇಳಿದಳು. ಎಲ್ಲಾದರೂ ಇಡು ಅಂದೆ. ಅವಳು ಅದನ್ನು ಆ ಹಾಸಿಗೆಯ ದಿಂಬಿನ ಪಕ್ಕ ಇಟ್ಟಳು.

ರಾತ್ರಿ ಏನೂ ಆಗಲಿಲ್ಲ. ಎಲ್ಲರೂ ಚೆನ್ನಾಗಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದಾಗ ಕಿಟಕಿ ಪಕ್ಕದ ಹಾಸಿಗೆ ಮಡಚಿತ್ತು. ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ, ದಿಂಬನ್ನು ಅದರ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿತ್ತು. ನೀಲತ್ತೆ ಹಾಗೆಯೇ ಮಡಚುತ್ತಾರೆ. ದಿಂಬು ಮಲಗಿಸಿಟ್ಟರೆ ಮನೆಯಲ್ಲಿ ಕಾಯಿಲೆ ಬರುತ್ತದೆ ಅಂತ ಅವರದೊಂದು ಹುಚ್ಚು. ಮಕ್ಕಳನ್ನು ಎಬ್ಬಿಸಿ ಕೇಳಿದೆ. ಯಾರೂ ಮುಟ್ಟಿರಲಿಲ್ಲ. ಅವರು ತಮ್ಮ ಹೊದಿಕೆಯನ್ನೇ ಮಡಚುವವರಲ್ಲ.

ಮನೆಗೆ ಫೋನ್ ಮಾಡಿದೆ. ನನ್ನ ಮನಸ್ಸಿನಲ್ಲಿ ಏನು ಬಂದಿತ್ತೋ ನಿಮ್ಮ ಮನಸ್ಸಿನಲ್ಲೂ ಅದೇ ಬಂದಿರಬೇಕು. ಹಾಗೇನೂ ಆಗಿರಲಿಲ್ಲ. ಪಾರ್ವತಕ್ಕ ಫೋನ್ ಎತ್ತಿ, ‘ನಿಮ್ಮತ್ತೆ ದೀಪ ಹಚ್ಚೋ ಹೊತ್ತಿಗೇ ಮಲಗಿದ್ರು, ಈಗ ಎದ್ರು, ಒಂದ್ಸಲಾನೂ ಮಗ್ಗುಲು ಬದಲಾಯಿಸ್ಲಿಲ್ಲ’ ಅಂದು ಅವರಿಗೆ ಕೊಟ್ಟರು. ನೀಲತ್ತೆಯ ದನಿ ಗೆಲುವಾಗಿತ್ತು. ‘ಎಂಥಾ ನಿದ್ದೆ ಕಣೆ. ರಾತ್ರಿಯೆಲ್ಲಾ ಒಂದು ರೈಲಿನ ಸದ್ದೂ ಇಲ್ಲ ನೋಡು’ ಅಂದರು.

ಅರಸೀಕೆರೆ ಗೊತ್ತಿರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆ ಜಂಕ್ಷನ್ನಿನ ಹಿಂದಿನ ಬೀದಿಯಲ್ಲಿದೆ. ರಾತ್ರಿಯಿಡೀ ಆ ಕಡೆ ಈ ಕಡೆ ರೈಲು. ಪಾತ್ರೆ ಕಪಾಟು ಅದುರುತ್ತದೆ. ಬೇಲೂರಿನಲ್ಲಿ ರೈಲು ಇಲ್ಲ.

ಆಗ ನಾನು ಮಾಡಬೇಕಾಗಿದ್ದ ಕೆಲಸ ಒಂದೇ. ಹಿಂದಕ್ಕೆ ಹೋಗಿ ಅವರನ್ನು ಕರೆದುಕೊಂಡು ಬರುವುದು. ನನಗೆ ಅದು ಹೊಳೆಯಲಿಲ್ಲ ಅಂತಲ್ಲ, ಹೊಳೆಯಿತು. ಅದರ ಬೆನ್ನಿಗೇ ಉಡುಪಿಯ ರೂಮು, ಆಮೇಲಿನ ರೂಮು, ಎಲ್ಲ ಊರಿನಲ್ಲೂ ಕಿಟಕಿ ಪಕ್ಕ ಹಾಸಿರುವ ಒಂದು ಹಾಸಿಗೆ ಕಣ್ಣಿಗೆ ಬಂತು. ಹೆದರಿಕೆಯಾಯಿತು. ಯಜಮಾನರು ಸ್ನಾನಕ್ಕೆ ಹೋದಾಗ ಗಂಟು ಬಿಚ್ಚಿ ವಿಭೂತಿ ಗಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಆಟೋ ಹಿಡಿದು ಯಗಚಿ ಹೊಳೆಗೆ ಹೋದೆ. ವಿಭೂತಿಯನ್ನು ನೀರಿಗೆ ಬಿಡುವುದರಲ್ಲಿ ಏನು ತಪ್ಪು, ಕಸಕ್ಕೇನೂ ಹಾಕುತ್ತಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹಾಕಿದ ಜಾಗದಲ್ಲಿ ನೀರು ಸ್ವಲ್ಪ ಹೊತ್ತು ಬೆಳ್ಳಗಾಯಿತು, ಆಮೇಲೆ ಸರಿಹೋಯಿತು. ನಾನು ಬಂದಾಗ ಯಜಮಾನರು ಬಟ್ಟೆ ಹಾಕಿಕೊಂಡು ಬ್ಯಾಗು ಕಟ್ಟುತ್ತಿದ್ದರು. ತಿಂಡಿ ವಿಚಾರಿಸಲು ಹೋಗಿದ್ದೆ ಅಂದೆ.

ಬಿಕ್ಕೋಡಿನಲ್ಲಿ ಕಾಫಿಗೆ ನಿಲ್ಲಿಸಿದರು. ಅವರ ಮನಸ್ಸಿಗೂ ಹಾಸಿಗೆಯ ವಿಷಯ ಹತ್ತಿತ್ತು ಅಂತ ಕಾಣುತ್ತದೆ. ಲೋಟ ಕೆಳಗಿಟ್ಟು, ‘ಇಲ್ಲಿಂದ ತಿರುಗಿದ್ರೂ ಮಧ್ಯಾಹ್ನದೊಳಗೆ ಅತ್ತೇನ ಕರ್ಕೊಂಡು ಬಂದುಬಿಡಬಹುದು ಕಣೇ. ಪ್ಲಾನು ಒಂದು ದಿನ ಮುಂದೆ ಹೋದ್ರೆ ಏನಾಗತ್ತೆ?’ ಅಂದರು. ತಿರುಗಿದರೆ ಗಂಟು ಬಿಚ್ಚಬೇಕಾಗುತ್ತದೆ, ವಿಭೂತಿ ಎಲ್ಲಿ ಅಂದರೆ ಏನು ಹೇಳಲಿ. ಉಡುಪಿಯ ರೂಮಿಗೆ ದುಡ್ಡು ಕಟ್ಟಿಯಾಗಿದೆ, ವಾಪಸ್ ಬರುವುದಿಲ್ಲ ಅಂದೆ. ಅವರು ಕಾಫಿಯ ದುಡ್ಡು ಕೊಟ್ಟು ಗಾಡಿ ಹತ್ತಿದರು.

ಆಮೇಲಿನ ಯಾವ ಊರಿನಲ್ಲೂ ಯಾರೂ ಅಜ್ಜಿಯನ್ನು ಕೇಳಲಿಲ್ಲ. ಎಲ್ಲ ಕಡೆ ನಾಲ್ಕೇ ಹಾಸಿಗೆ, ಎಲ್ಲ ಕಡೆ ಹೇಳಿದ ಹೊತ್ತಿಗೆ ರೂಮು ಸಿದ್ಧ. ನಾನು ಗೊತ್ತುಮಾಡಿದ ಪ್ರವಾಸಗಳಲ್ಲಿ ಒಂದೂ ಎಡವಟ್ಟಾಗದೆ ಮುಗಿದದ್ದು ಅದೊಂದೇ. ಸಮುದ್ರದ ಮುಂದೆ ಕೂತು ಕೊಡುಬಳೆಯ ಡಬ್ಬಿ ತೆಗೆದಾಗ ಮಾತ್ರ ನಾನು ಅದನ್ನು ಹಾಗೆಯೇ ಮಕ್ಕಳ ಕಡೆ ತಳ್ಳಿದೆ.

ವಾಪಸ್ ಬಂದ ದಿನ ಮಕ್ಕಳು ಮೊಬೈಲಿನಲ್ಲಿ ಸಮುದ್ರ ತೋರಿಸಿದರು. ನೀಲತ್ತೆ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನೋಡಿದರು. ನಾನು ತಟ್ಟೆ ಇಡಲು ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದರು. ‘ಬೇಲೂರಿನಾಗೆ ನನ್ನ ಯಾಕೆ ಇಳಿಸ್ದೆ?’ ಅಂತ ಕೇಳಿದರು. ಕೋಪವಿರಲಿಲ್ಲ. ಸಾರಿಗೆ ಉಪ್ಪು ಯಾಕೆ ಕಮ್ಮಿ ಅಂತ ಕೇಳುವಾಗಲೂ ಅವರ ದನಿ ಹಾಗೆಯೇ ಇರುತ್ತದೆ. ಉತ್ತರಕ್ಕೆ ಕಾಯದೆ ಪಲ್ಯ ಬಡಿಸಿಕೊಂಡು ಹೋದರು.

ನಂಜಮ್ಮಕ್ಕ ಫೋನಿನಲ್ಲಿ ಏನಾದರೂ ಹೇಳಿರಬಹುದು ಅಂತ ವಿಚಾರಿಸಿದೆ. ಅವಳು ಫೋನೇ ಮಾಡಿರಲಿಲ್ಲ. ಮಾಡಿದ್ದರೂ ಹೊಳೆಯ ವಿಷಯ ಅವಳಿಗೇ ಗೊತ್ತಿಲ್ಲ. ಯಜಮಾನರಿಗೂ ಗೊತ್ತಿಲ್ಲ, ಇದನ್ನು ಓದಿದರೆ ಇವತ್ತು ಗೊತ್ತಾಗುತ್ತದೆ. ಹಾಸಿಗೆಯನ್ನು ನಾವೇ ಯಾರೋ ನಿದ್ದೆಗಣ್ಣಿನಲ್ಲಿ ಮಡಚಿರಬಹುದು. ಮ್ಯಾನೇಜರನ ಕಣ್ಣು ತಪ್ಪಿರಬಹುದು. ಗಾಢ ನಿದ್ದೆ ಬಂದವರಿಗೆ ರೈಲಿನ ಸದ್ದು ಕೇಳದಿರಬಹುದು. ಒಂದೊಂದಕ್ಕೂ ಒಂದೊಂದು ಸಮಾಧಾನ ನನ್ನ ಹತ್ತಿರ ಇದೆ. ಆ ಒಂದು ಪ್ರಶ್ನೆಗೆ ಮಾತ್ರ ಇಲ್ಲ.

ಮರುವರ್ಷ ಅವರಿಗಾಗಿಯೇ ಒಂದು ಪ್ರವಾಸ ಗೊತ್ತುಮಾಡಿದೆ. ಎಲ್ಲ ಕಡೆ ಕೆಳಗಿನ ರೂಮು, ಬೆಳಗಿನ ಜಾವಕ್ಕೆ ಬಿಸಿನೀರು, ಪೂಜೆಗೆ ಮೂಲೆ, ಕಿಟಕಿಯಿಂದಲೇ ಕಾಣುವ ಸಮುದ್ರ. ನೀಲತ್ತೆ ಮಗುವಿನ ಹಾಗೆ ಕೂತು ಅಷ್ಟನ್ನೂ ಕೇಳಿದರು, ಖುಷಿಯೂ ಪಟ್ಟರು. ಚಪ್ಪಲಿಯನ್ನು ಒರೆಸಿಟ್ಟರು. ಪ್ರಸ್ಥಾನದ ಗಂಟು ಕಟ್ಟುವ ದಿನ ನಾನು ಬಟ್ಟೆ ಹರಡಿ ಮುಂದೆ ಕೂತು, ‘ನಿಮ್ಮದೇನಾದರೂ ಕೊಡಿ ಅತ್ತೆ’ ಅಂದೆ.

ಅವರು ಬಟ್ಟೆಯ ಸುಕ್ಕನ್ನು ಕೈಯಿಂದ ಸರಿಮಾಡಿದರು. ‘ನಂದು ಆಗ್ಲೇ ಕೊಟ್ಟಿದೀನಲ್ಲೇ. ಎಲ್ಲಿ ಬಿಟ್ಟಿದೀಯೋ ಅಲ್ಲಿಂದ ತಗೊಂಡ್ಬಾ, ಬತ್ತೀನಿ’ ಅಂದು ಎದ್ದು ಪೂಜೆಗೆ ಹೋದರು.

ರೂಮುಗಳನ್ನೆಲ್ಲ ಬೇಡ ಅಂತ ಹೇಳಿದೆ. ಅದಾದ ಮೇಲೆ ನಾವು ಎಲ್ಲಿಗೂ ಹೋಗಿಲ್ಲ. ನೀಲತ್ತೆ ಗಟ್ಟಿಮುಟ್ಟಾಗಿದ್ದಾರೆ, ಇದನ್ನು ಬರೆಯುವಾಗಲೂ ಪಕ್ಕದ ಕೋಣೆಯಲ್ಲಿ ಹೊಸ ವಿಭೂತಿ ಗಟ್ಟಿಯ ಮೇಲೆ ಬೆರಳು ಉಜ್ಜುತ್ತಿದ್ದಾರೆ. ಬಾಗಿಲಲ್ಲಿ ಆ ಚಪ್ಪಲಿ ಹಾಗೆಯೇ ಇದೆ. ನಾನು ಒಂದೆರಡು ಸಲ ಯಾರಿಗೂ ಹೇಳದೆ ಬೇಲೂರು ಬಸ್ಸು ಹತ್ತಿ ಯಗಚಿಯ ದಡಕ್ಕೆ ಹೋಗಿ ನಿಂತು ಬಂದಿದ್ದೇನೆ. ಅಲ್ಲಿ ಬರೀ ನೀರು ಹರಿಯುತ್ತಿರುತ್ತದೆ.